ಅವಳು ಅದಾದ ಪುಟ

ನಮ್ಮತ್ತೆಯ ಗಂಟಲಿನಲ್ಲಿ ಒಂದು ಇಡೀ ಮೃಗಾಲಯ ಇತ್ತು. ಹುಲಿ, ತೋಳ, ಹಲ್ಲುದುರಿದ ಮೊಸಳೆ, ಜಂಬದ ಹುಂಜ, ಶೀತ ಹಿಡಿದ ಆಮೆ, ಯಾವುದನ್ನು ಕರೆದರೂ ಹೊರಗೆ ಬರುತ್ತಿತ್ತು. ಇದು ಹುಚ್ಚಲ್ಲ, ಹೊಟ್ಟೆಪಾಡು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಒಂದು ಸಣ್ಣ ಸ್ಟುಡಿಯೋದಲ್ಲಿ ಅವರಿಗೆ ಕೆಲಸ. ಕಣ್ಣು ಕಾಣದವರು, ಬಸ್ಸಿನಲ್ಲಿ ನೇತಾಡುವವರು, ಪುಸ್ತಕ ಕಂಡರೆ ಆಕಳಿಸುವವರು, ಎಲ್ಲರೂ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದುದು ನಮ್ಮತ್ತೆಯನ್ನೇ. ಪ್ರಾಣಿಗಳಿರುವ ಕತೆ ಯಾವುದೇ ಬರಲಿ, "ಅಮ್ಮನಿಗೆ ಕೊಡಿ" ಎನ್ನುತ್ತಿದ್ದರು ಸ್ಟುಡಿಯೋ ಯಜಮಾನರು. ಬೆನ್ನ ಹಿಂದೆ ಅವರನ್ನು ಎಲ್ಲರೂ ಮೃಗಾಲಯ ಎಂದೇ ಕರೆಯುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಬೀಗುತ್ತಿದ್ದರು.

ಓದುವುದೆಂದರೆ ಕುರ್ಚಿಯಲ್ಲಿ ಕೂತು ಬಾಯಾಡಿಸುವುದು ಎಂದು ನಾನೂ ಅಂದುಕೊಂಡಿದ್ದೆ. ಆ ಕೋಣೆಯನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಗೋಡೆಗೆಲ್ಲ ದಪ್ಪ ಸ್ಪಂಜು, ಕಿಟಕಿ ಇಲ್ಲ, ಸದ್ದಾಗುತ್ತದೆಂದು ಫ್ಯಾನೂ ಇಲ್ಲ. ಸರಬರ ಎನ್ನುವ ಬಟ್ಟೆ ತೊಡುವಂತಿಲ್ಲ. ಹಸಿದು ಹೋದರೆ ಹೊಟ್ಟೆ ಗುರುಗುಟ್ಟಿ ರಾಜಕುಮಾರಿಯ ಮಾತಿನ ಮಧ್ಯೆ ತಾನೂ ಒಂದು ಮಾತು ಸೇರಿಸುತ್ತದೆ. ಹೊಟ್ಟೆ ಬಿರಿಯ ತಿಂದು ಹೋದರೆ ಉಸಿರು ಸಾಲುವುದಿಲ್ಲ. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಬೆವರು ಒರೆಸಿಕೊಳ್ಳುತ್ತ, ಕರಡಿಯಾಗಿ ಗೊಣಗಿ, ಮರುಸಾಲಿನಲ್ಲೇ ಇರುವೆಯಾಗಿ ಉತ್ತರ ಕೊಡುತ್ತಿದ್ದರು ಅತ್ತೆ.

ಮಾರನೆಯ ದಿನ ಓದಬೇಕಾದದ್ದನ್ನು ಹಿಂದಿನ ಮಧ್ಯಾಹ್ನ ಮನೆಯಲ್ಲಿ ಓದಿ ಪಳಗಿಸಿಕೊಳ್ಳುವುದು ಅವರ ಅಭ್ಯಾಸ. ನಮ್ಮದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಗೆ ಅಂಟಿಕೊಂಡಂತೆ ಊಟದ ಮೇಜು. ಮೇಜಿನ ಮೇಲೆ ಅತ್ತೆಯ ಪುಸ್ತಕ, ಬಿಸಿನೀರಿನ ಲೋಟ. ಮೇಜಿನ ಕೆಳಗೆ, ಅತ್ತೆಯ ಕಾಲಿಗೆ ಬೆನ್ನು ಒರಗಿಸಿಕೊಂಡು ಇಲಿ.

ಇಲಿ ನನ್ನ ಮಗಳು. ಮೇಜಿನ ಕೆಳಗೆ ಕೂತು ಬ್ರೆಡ್ಡಿನ ಅಂಚನ್ನು ಸುತ್ತಲೂ ಕಡಿದು ನಡುವಿನದನ್ನು ಬಿಡುತ್ತಿದ್ದಳೆಂದು ನನ್ನ ಗಂಡ ಇಟ್ಟ ಹೆಸರು. ಆರು ವರ್ಷ ತುಂಬಿತ್ತು, ಮಾತು ಬಂದಿರಲಿಲ್ಲ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಡಾಕ್ಟರು ಗಂಟಲು ನೋಡಿದರು, ನಾಲಿಗೆ ನೋಡಿದರು, ಎಲ್ಲ ಸರಿಯಿದೆ, ಬಂದರೆ ಬರುತ್ತದೆ ಎಂದರು. ಬಾರದಿದ್ದರೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಮಗು ಎದ್ದಿತಾ, ಅದು ಉಂಡಿತಾ, ಅದಕ್ಕೆ ಚಳಿಯಾಗುತ್ತೆ, ಹೀಗೆ ಎಲ್ಲರ ಮನೆಯಲ್ಲೂ ಕೂಸುಗಳ ಬಗ್ಗೆ ಹೇಳುವಂತೆ ನಮ್ಮ ಮನೆಯಲ್ಲೂ ಹೇಳುತ್ತಿದ್ದೆವು. ಬೇರೆ ಮಕ್ಕಳು ಮಾತು ಕಲಿತು, ಹಟ ಕಲಿತು, ಎದುರುತ್ತರ ಕಲಿತು, ಯಾವಾಗಲೋ ತಮ್ಮಷ್ಟಕ್ಕೆ ತಾವು ಅವನು, ಅವಳು ಆಗಿಬಿಡುತ್ತಾರೆ. ಇಲಿ ಅದು ಆಗಿಯೇ ಉಳಿದಿದ್ದಳು. ಯಾರೂ ಅದನ್ನು ಗಮನಿಸಿರಲಿಲ್ಲ. ಈಗ ಬರೆಯುವಾಗ ನಾನು ಅವಳು ಎಂದೇ ಬರೆಯುತ್ತಿದ್ದೇನೆ.

ಆ ವರ್ಷ ಅತ್ತೆಯ ಕೈಗೆ ಮೂರು ಭಾಗದ ಒಂದು ದಪ್ಪ ಕಾದಂಬರಿ ಬಂತು. ಮಾತಾಡುವ ಪ್ರಾಣಿಗಳ ಕಾಡಿನ ಕತೆ. ಮಕ್ಕಳು ಮುಗಿಬಿದ್ದು ಓದುತ್ತಿದ್ದ ಪುಸ್ತಕವಂತೆ. ಆ ಕಾಡಿನ ನಡುವೆ ಒಂದು ಕೊಳ. ಅದರ ನೀರು ಕುಡಿದ ಪ್ರಾಣಿಗೆ ಮಾತು ಬರುತ್ತದೆ, ಮಾತಿನ ಜೊತೆ ಆತ್ಮವೂ ಬರುತ್ತದೆ. ಆಮೇಲೆ ಅದನ್ನು ಯಾರೂ ಕೊಲ್ಲುವಂತಿಲ್ಲ. ನೀರು ಕುಡಿಯದವು ಬರೀ ಮಾಂಸ. ಅವುಗಳನ್ನು ಬೇಟೆಯಾಡಬಹುದು, ತಿನ್ನಬಹುದು, ಯಾರಿಗೂ ಪಾಪವಿಲ್ಲ. ಇದನ್ನು ಕತೆಗಾರ್ತಿ ಎಲ್ಲೂ ಉಪದೇಶದಂತೆ ಹೇಳಿರಲಿಲ್ಲ. ಭಾಷೆಯಲ್ಲೇ ಹೊಸೆದಿದ್ದರು. ಮಾತಾಡುವ ಕರಡಿ ಬಂದನು, ಮಾತಾಡುವ ನರಿ ನಕ್ಕಳು. ಮಾತಾಡದ ಜಿಂಕೆ ಓಡಿತು, ಸತ್ತಿತು. ಬುದ್ಧಿವಂತೆ ಎಂದು ಅತ್ತೆ ಮೆಚ್ಚಿಕೊಂಡರು. ನನಗೂ ಚೆಂದವೆನಿಸಿತು.

ಕತೆಯಲ್ಲಿ ಒಬ್ಬಳು ನೀರುನಾಯಿ. ಬಾಯಿಬಡುಕಿ, ತಿಂಡಿಪೋತಿ, ಎಲ್ಲರ ಮನೆ ಸುದ್ದಿಯೂ ಬೇಕು. ಅತ್ತೆ ಅವಳಿಗೆ ಮೂಗಿನಿಂದ ಬರುವ, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದ ಒಂದು ದನಿ ಕೊಟ್ಟಿದ್ದರು. ನೀರುನಾಯಿ ಬಾಯಿ ತೆರೆದರೆ ಸಾಕು, ಮೇಜಿನ ಕೆಳಗೆ ಇಲಿಯ ಭುಜ ಕುಲುಕುತ್ತಿತ್ತು. ಅವಳ ನಗುವಿಗೂ ಸದ್ದಿರಲಿಲ್ಲ. ಅತ್ತೆ ಕಾಲಿಗೆ ತಾಗುವ ಆ ಕುಲುಕಾಟದಿಂದಲೇ ತಮ್ಮ ಓದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುತ್ತಿದ್ದರು.

ಎರಡನೇ ಭಾಗದ ಕೊನೆಯಲ್ಲಿ ಆ ನೀರುನಾಯಿ ಗುಟ್ಟೊಂದನ್ನು ಹೊರಗೆಡವಿ ಕೊಳದ ಶಾಪಕ್ಕೆ ಗುರಿಯಾಗುತ್ತಾಳೆ. ಆ ಮಧ್ಯಾಹ್ನ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ, ನಾನು ಪಾತ್ರೆ ಒರೆಸುತ್ತಿದ್ದೆ. ಅತ್ತೆ ಆ ಪುಟವನ್ನು ಒಮ್ಮೆ ಅಳುವ ದನಿಯಲ್ಲಿ ಓದಿದರು, ಸರಿಯಾಗಲಿಲ್ಲ. ನಡುಗುವ ದನಿಯಲ್ಲಿ ಓದಿದರು, ಅದೂ ಆಗಲಿಲ್ಲ. "ಇಲ್ಲಿ ದನಿಯೇ ಸಾಯಬೇಕು ಕಣೇ" ಎಂದು ನನಗೆ ಹೇಳಿ, ಬಿಸಿನೀರು ಕುಡಿದು, ಏನೂ ಇಲ್ಲದ ದನಿಯಲ್ಲಿ ಓದಿದರು.

"ನೀರುನಾಯಿ ಬಾಯಿ ತೆರೆದಳು. ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಅವಳು ನದಿಯ ಕಡೆ ನೋಡಿದಳು. ಅದು ನದಿಯ ಕಡೆ ನೋಡಿತು. ಬೇಟೆಗಾರ ಬಿಲ್ಲು ಎತ್ತಿದ. ಈಗ ತಪ್ಪೇನೂ ಇರಲಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಷ್ಟರಲ್ಲಿ ಒಬ್ಬಳು ಇಲ್ಲವಾಗಿದ್ದಳು. "ಅತ್ತೇ, ಸಾಕು, ಭಯ ಆಗುತ್ತೆ" ಎಂದೆ. ಅತ್ತೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಖುಷಿಯಿಂದ ಇನ್ನೆರಡು ಸಲ ಓದಿದರು. ಮೇಜಿನ ಕೆಳಗೆ ಬಗ್ಗಿ ನೋಡಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅದಾದ ಮೇಲೆ ಇಲಿಯ ಊಟ ನಿಂತಿತು. ಬ್ರೆಡ್ಡಿನ ಅಂಚೂ ಬೇಡ. ಮಕ್ಕಳು, ಒಂದೆರಡು ದಿನ ಹಾಗೇ ಎಂದುಕೊಂಡೆ. ಸ್ನಾನ ಮಾಡಿಸುವಾಗ ಕಂಡಿತು. ಕುತ್ತಿಗೆಯ ಎರಡೂ ಬದಿಗೆ ಕೆಂಪು ಗುರುತು, ಬೆರಳು ಒತ್ತಿದಂತೆ. ಮಾರನೆಯ ದಿನ ಅದು ನೀಲಿಗಟ್ಟಿತ್ತು, ಅದರ ಪಕ್ಕದಲ್ಲಿ ಹೊಸ ಕೆಂಪು.

ಮಾತಾಡುವ ಮಗುವಿಗೆ ಯಾರಾದರೂ ಏನಾದರೂ ಮಾಡಿದರೆ ಮನೆಗೆ ಬಂದು ಹೇಳುತ್ತದೆ. ಹೇಳಲಾರದ ಮಗುವಿಗೆ ಏನು ಬೇಕಾದರೂ ಮಾಡಬಹುದಲ್ಲ. ಆ ಯೋಚನೆ ಒಮ್ಮೆ ತಲೆಗೆ ಬಂದ ಮೇಲೆ ನಿದ್ದೆ, ಊಟ, ಕೆಲಸ ಯಾವುದೂ ನನಗೆ ಸೇರಲಿಲ್ಲ. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಕಣ್ಣಿನ ಹನಿ ಕೊಟ್ಟು ಬೈಸಿಕೊಂಡೆ. ಶಾಲೆಯ ಮೇಡಂ ತಮ್ಮ ಮಕ್ಕಳ ಮೇಲೆ ಆಣೆಯಿಟ್ಟರು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ, ಇರುವೆಯನ್ನೂ ದಾಟಿಕೊಂಡು ಹೋಗುವ ಮನುಷ್ಯ, ಶಾಲೆಯ ವ್ಯಾನಿನ ಡ್ರೈವರನ ಕೊರಳಪಟ್ಟಿ ಹಿಡಿದು ಎಳೆದಾಡಿ ಬಂದರು. ಆ ಬಡಪಾಯಿ ಅತ್ತೇಬಿಟ್ಟನಂತೆ. ಒಂದು ಮಧ್ಯಾಹ್ನ ಪೂರ್ತಿ ನಾನು ಅತ್ತೆಯನ್ನೇ ಅನುಮಾನದಿಂದ ನೋಡಿದೆ. ಇಲಿಯ ಗದ್ದ ಹಿಡಿದೆತ್ತಿ "ಆ ಅನ್ನು ಕಂದಾ, ಒಂದೇ ಒಂದು ಸಲ ಆ ಅನ್ನು" ಎಂದು ಪೀಡಿಸುತ್ತಿದ್ದವರು ಅವರೇ ಅಲ್ಲವೇ? ಅವರೂ ಅದೇ ಮಧ್ಯಾಹ್ನ ನನ್ನನ್ನು ಹಾಗೆಯೇ ನೋಡುತ್ತಿದ್ದರಂತೆ. ಭಯ ಮನೆಗೆ ಹೊಕ್ಕರೆ ಹೀಗೆ ಒಬ್ಬರನ್ನೊಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವಂತಾಗುತ್ತದೆ.

ಕೊನೆಗೆ ಕಂಡದ್ದು ನನಗೇ. ಬಟ್ಟೆ ಮಡಚಿಡಲು ಹೋದಾಗ, ಬೀರುವಿನ ಕನ್ನಡಿಯ ಮುಂದೆ ಇಲಿ ನಿಂತಿದ್ದಳು. ಬಾಯಿ ದೊಡ್ಡದಾಗಿ ತೆರೆದಿದ್ದಳು. ಎರಡೂ ಕೈಯಿಂದ ತನ್ನ ಗಂಟಲನ್ನು ತಾನೇ ಒತ್ತಿ, ಕೆಳಗಿನಿಂದ ಮೇಲಕ್ಕೆ ಒತ್ತಿ, ಮತ್ತೆ ಒತ್ತಿ, ಖಾಲಿಯಾದ ಪೇಸ್ಟಿನ ಟ್ಯೂಬನ್ನು ಹಿಂಡುವಂತೆ ಹಿಂಡುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹೊರಗಿನ ಕೈ ಯಾವುದೂ ಅಲ್ಲ ಎಂದು ಗೊತ್ತಾದಾಗ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹೊರಗಿನವರಾದರೆ ಬಾಗಿಲು ಹಾಕಿಕೊಳ್ಳಬಹುದು. ಇದಕ್ಕೆ ಏನು ಮಾಡುವುದು?

ಆ ವಾರವೇ ಇನ್ನೊಂದು ನಡೆಯಿತು. ನನ್ನ ಗಂಡ ಕೋಳಿ ತಂದು ಅಡುಗೆಮನೆಯಲ್ಲಿ ಕತ್ತರಿಸುತ್ತಿದ್ದರು. ಇಲಿ ಬಾಗಿಲ ಬಳಿ ಬಂದಳು. "ಅದನ್ನ ಆ ಕಡೆ ಕರ್ಕೊಂಡು ಹೋಗೇ, ಚಾಕು ಇದೆ ಇಲ್ಲಿ" ಎಂದರು ಅವರು. ಎಚ್ಚರಿಕೆಗೆ ಹೇಳಿದ ಮಾತು. ಇಲಿ ಅವರ ಕೈಯಲ್ಲಿದ್ದ ಚಾಕು ನೋಡಿದಳು, ಹಲಗೆಯ ಮೇಲಿನ ಕೋಳಿ ನೋಡಿದಳು, ನಿಂತಲ್ಲೇ ಒಂದ ಮಾಡಿಕೊಂಡಳು. ಆಮೇಲೆ ಮೇಜಿನ ಕೆಳಗೆ ಸೇರಿಕೊಂಡವಳನ್ನು ಹೊರಗೆ ಎಳೆಯಲು ನನ್ನ ಕೈಯಲ್ಲಾಗಲಿಲ್ಲ. ಮೇಜಿನ ಕಾಲು ಅಪ್ಪಿಕೊಂಡು ನಡುಗುತ್ತಿದ್ದಳು.

ಒಗಟು ಬಿಡಿಸಿದ್ದು ಅತ್ತೆ. ಬಿಡಿಸಿದ್ದು ಎನ್ನುವುದಕ್ಕಿಂತ ಇಲಿಯೇ ಅವರಿಗೆ ತೋರಿಸಿಕೊಟ್ಟಳು. ಮೂರನೇ ಭಾಗ ಶುರುವಾಗುವ ಮೊದಲು ಅತ್ತೆ ಎರಡನೆಯದನ್ನು ತಿರುವಿ ಹಾಕುತ್ತಿದ್ದರು. ಮೇಜಿನ ಕೆಳಗಿನಿಂದ ಒಂದು ಸಣ್ಣ ಕೈ ಬಂದು ಪುಟದ ಮೇಲೆ ಕೂತಿತು. ಇಲಿ ಮೇಲೆದ್ದು, ಅಜ್ಜಿಯ ತೊಡೆಗೆ ಒರಗಿ, ಹಾಳೆ ಮಗುಚಿದಳು. ಮಗುಚಿ ಮಗುಚಿ, ನದಿಯ ಚಿತ್ರವಿದ್ದ ಪುಟ ಸಿಕ್ಕಿತು. ಶಾಲೆಯಲ್ಲಿ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿಸಿದ್ದರು. ಅ, ದು, ಎರಡೇ ಅಕ್ಷರ, ಎಲ್ಲಕ್ಕಿಂತ ಸುಲಭದ ಪದ. ಅದರ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳನ್ನು ತನ್ನ ಎದೆಯ ಮೇಲಿಟ್ಟಳು. ಆಮೇಲೆ ಚಿತ್ರದಲ್ಲಿದ್ದ ಬೇಟೆಗಾರನ ಮೇಲೆ ಇಟ್ಟು, ನನ್ನ ಕಡೆ, ಅಡುಗೆಮನೆಯ ಕಡೆ, ಅಪ್ಪನ ಚಪ್ಪಲಿಯ ಕಡೆ ನೋಡಿದಳು.

ಅತ್ತೆ "ಅಯ್ಯೋ" ಎಂದರು. ಅವರದೇ ದನಿ, ಯಾವ ಪ್ರಾಣಿಯದೂ ಅಲ್ಲ. "ಅಯ್ಯೋ ನನ್ನ ಕಂದಾ, ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ?"

ಬಾಚಿ ತಬ್ಬಿಕೊಂಡು ಸಮಾಧಾನ ಹೇಳಲು ಹೊರಟರು. "ಮಗು ಅಂದ್ರೆ ಅದು ಅಂತಾರೆ ಪುಟ್ಟಾ. ಪ್ರೀತಿಗೆ ಅನ್ನೋದು. ನಿಮ್ಮಪ್ಪ ಚಿಕ್ಕವನಿದ್ದಾಗ ಅವನನ್ನೂ ಅದು ಅಂತಿದ್ದೆ ನಾನು."

ಇಲಿ ಗಮನವಿಟ್ಟು ಕೇಳಿದಳು. ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ಬೆರಳು ತೋರಿದಳು. ಆಮೇಲೆ ತನ್ನ ಬಾಯಿಯ ಮುಂದೆ ಕೈಯನ್ನು ಕೊಕ್ಕಿನಂತೆ ತೆರೆದು ಮುಚ್ಚಿದಳು. ಅಪ್ಪನಿಗೆ ಮಾತು ಬಂತು, ಅವನು ಆದ. ಅಷ್ಟೇ ಅಲ್ಲವೇ? ಪುಸ್ತಕದಲ್ಲೂ ಹಾಗೇ ಅಲ್ಲವೇ? ಆರು ವರ್ಷದವಳು ನಮ್ಮ ಬಾಯಿಂದಲೇ ಕಾನೂನು ಹೆಕ್ಕಿ ನಮ್ಮ ಮುಂದೆ ಇಟ್ಟಿದ್ದಳು.

ಅಂದಿನಿಂದ ಮನೆಯಲ್ಲಿ ಅದು ಎನ್ನುವುದಕ್ಕೆ ನಿಷೇಧ. ಆದರೆ ಬಾಯಿಗೆ ಬಿದ್ದ ರೂಢಿ ಬಿಡುತ್ತದೆಯೇ? "ಅದ... ಅವಳಿಗೆ ಹಾಲು ಕೊಡು" ಎಂದು ನನ್ನ ಗಂಡ ಪರೀಕ್ಷೆ ಬರೆಯುವವರಂತೆ ಬೆವರುತ್ತಿದ್ದರು. ಮೇಲಿನ ಮನೆಯ ಟೈಲರಮ್ಮ ಬಂದು "ಇದ್ಯಾಕೆ, ಅದು ಹೀಗೆ ಸೊರಗಿದೆ?" ಎಂದದ್ದೇ ತಡ, ಅತ್ತೆ ತೋಳದ ದನಿಯಲ್ಲಿ "ಅವಳು!" ಎಂದು ಗುಡುಗಿದರು. ಟೈಲರಮ್ಮ ತಂದ ರವಿಕೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಬೇರೆ ಸಮಯದಲ್ಲಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇಲಿ ಮಾತ್ರ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ಅವಳು ಎಂದು ನಾವು ಒತ್ತಿ ಹೇಳಿದಷ್ಟೂ ಅವಳ ಕಣ್ಣು ದೊಡ್ಡದಾಗುತ್ತಿತ್ತು. ದೊಡ್ಡವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗುತ್ತದೆ. ಕುತ್ತಿಗೆಯ ಗುರುತುಗಳು ಹೆಚ್ಚಾದವು. ಒಂದು ಬೆಳಗ್ಗೆ ಉಗುಳಿನಲ್ಲಿ ರಕ್ತ ಕಂಡಿತು. ಇವಳು ನಿಜವಾಗಿಯೂ ತನ್ನ ಗಂಟಲನ್ನು ಹರಿದುಕೊಳ್ಳುತ್ತಾಳೆ ಎಂದು ಹೆದರಿ ಡಾಕ್ಟರ ಬಳಿ ಓಡಿದೆ. ಡಾಕ್ಟರು ಕೈಗೆ ಬಟ್ಟೆ ಕಟ್ಟಿ ಎಂದರು. ಹೇಗೆ ಕಟ್ಟಲಿ? ಕೈ ಕಟ್ಟಿದರೆ ಬೇಟೆಗಾರರು ಬಂದರೆಂದೇ ಅರ್ಥ ಅವಳಿಗೆ.

"ಇದು ನಮ್ಮಿಂದ ಆಗಲ್ಲ. ಯಾರು ಬರೆದ್ರೋ ಅವರೇ ಅಳಿಸಲಿ" ಎಂದರು ಅತ್ತೆ. ಮೂಗಿನ ತುದಿಯಲ್ಲೇ ಕೋಪ ಇರುವ ಹೆಂಗಸು. ಮಗುವನ್ನು ಅಪ್ಪನ ಬಳಿ ಬಿಟ್ಟು, ನನ್ನನ್ನೂ ಎಳೆದುಕೊಂಡು ಸ್ಟುಡಿಯೋಗೆ ಹೋದರು. ಅಂದು ಕತೆಗಾರ್ತಿ ಅಲ್ಲಿಗೆ ಬರುವವರಿದ್ದರು. ಕೋಡುಗಳಿರುವವಳನ್ನು ನೋಡುತ್ತೇನೆಂದು ನಾನು ಹೋಗಿದ್ದೆ. ಬಂದದ್ದು ನನ್ನ ವಯಸ್ಸಿನವಳೇ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದ, ಮೆಲುದನಿಯ ಹೆಂಗಸು. ಅತ್ತೆ ಹೇಳಿದ್ದನ್ನೆಲ್ಲ ಅವರು ಕೂತು ಕೇಳಿದರು.

"ಒಂದು ಸಾಲು ಸೇರಿಸಿ ಅಷ್ಟೇ" ಎಂದರು ಅತ್ತೆ. "ನೀರುನಾಯಿ ಮಾತು ಹೋಯ್ತು, ಆದ್ರೆ ಅವಳು ಒಳಗೇ ಇದ್ದಳು ಅಂತ. ನಾನು ಓದ್ತೀನಿ. ನನ್ನ ಮೊಮ್ಮಗಳು ಕೇಳ್ತಾಳೆ."

"ಅಮ್ಮಾ, ಮಾತಾಡೋ ಕರಡಿಗೆ ಆತ್ಮ ಇಲ್ಲ ಅಂದ್ರೆ ಅದು ಕೀಲಿ ಕೊಟ್ಟ ಬೊಂಬೆ ಆಗುತ್ತೆ. ಅದಕ್ಕೇ ಕೊಟ್ಟೆ. ಮಾತಾಡದೇ ಇರೋ ಜಿಂಕೆಗೂ ಕೊಟ್ರೆ ನನ್ನ ಕಾಡಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ವಾ?"

"ಎಳೀರಿ. ಬಾಲದ ಮೇಲೆ ಎಳೀರಿ, ಕೊಂಬಿನ ಮೇಲೆ ಎಳೀರಿ. ಮಾತಿನ ಮೇಲೆ ಎಳೆದ್ರಲ್ಲ! ನಾಲಿಗೆ ಆಡಿದವರೆಲ್ಲ ಆತ್ಮ ಇರೋರಾದ್ರೆ ನಮ್ಮ ಬೀದಿಯ ಧ್ವನಿವರ್ಧಕಕ್ಕೂ ಇರಬೇಕಲ್ಲ?"

ಕತೆಗಾರ್ತಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ನಮ್ಮಪ್ಪಂಗೆ ಲಕ್ವ ಹೊಡೆದು ಮಾತು ಹೋಯ್ತು. ಕೊನೇವರೆಗೂ ಮಂಚದ ಮೇಲೆ ಸುಮ್ನೆ ಮಲಗಿದ್ರು. ಕಣ್ಣು ತೆರೆದಿರ್ತಿತ್ತು. ನಾನು ಕೆಲಸಕ್ಕೆ ಹೋಗ್ತಿದ್ದೆ, ಬರ್ತಿದ್ದೆ, ಅವರ ಪಕ್ಕದಲ್ಲೇ ಕೂತು ನಗ್ತಾ ಫೋನಲ್ಲಿ ಮಾತಾಡ್ತಿದ್ದೆ. ಅವರು ಒಳಗೆ ಇಲ್ಲ ಅಂದ್ಕೊಂಡ್ರೆ ಮಾತ್ರ ನನಗೆ ಅದೆಲ್ಲ ಮಾಡೋಕಾಗ್ತಿತ್ತು. ಈಗ ನೀವು ಒಳಗೆ ಇದ್ದಳು ಅಂತ ಬರಿ ಅಂತೀರ. ಬರೆದ್ರೆ, ನಮ್ಮಪ್ಪನೂ ಇದ್ರು ಅಂತಾಯ್ತಲ್ಲಮ್ಮ. ಎಲ್ಲಾ ನೋಡ್ತಾ, ಕೇಳಿಸ್ಕೋತಾ ಇದ್ರು ಅಂತ. ನನ್ನ ಕೈಲಿ ಆಗಲ್ಲ."

ಜಗಳಕ್ಕೆಂದು ಹೋಗಿದ್ದ ಅತ್ತೆ ಆ ಹೆಂಗಸಿನ ಕೈ ಹಿಡಿದುಕೊಂಡು ಕೂತರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಮಗಳನ್ನು ಹೆದರಿಸಿದ ಸಾಲು ಇನ್ನೊಬ್ಬಳ ಹೆದರಿಕೆಯಿಂದ ಹುಟ್ಟಿತ್ತು. ಯಾರನ್ನು ಬೈಯಲಿ? ಎದ್ದು ಬರುವಾಗ ಅತ್ತೆ ಬಾಗಿಲಲ್ಲಿ ನಿಂತು, ನನಗೋ ತಮಗೋ ಎಂಬಂತೆ, "ಒಳಗೆ ಇರ್ತಾರೋ ಇಲ್ವೋ ಅಂತ ಮಾತಾಡೋ ನಮಗೆ ಹೇಗೆ ಗೊತ್ತಾಗುತ್ತೆ?" ಎಂದರು. ಅಂದು ನಾನು ಕೇಳಿದ ಅವರ ಕೊನೆಯ ಮಾತು ಅದು.

ಮನೆಗೆ ಬಂದವರು ಬಾಯಿ ಬಿಡಲಿಲ್ಲ. ಮೊದಲು ಮುನಿಸು ಎಂದುಕೊಂಡೆ. ಆಮೇಲೆ ಗಂಟಲು ಕಟ್ಟಿರಬೇಕೆಂದು ಬಿಸಿನೀರು ಕೊಟ್ಟೆ. ಲೋಟ ಪಕ್ಕಕ್ಕಿಟ್ಟು, ಇಲಿಯನ್ನು ಎದುರು ಕೂರಿಸಿಕೊಂಡು, ತಮ್ಮ ತುಟಿಯ ಮೇಲೆ ಬೆರಳಿಟ್ಟು, ಇಲ್ಲ ಎಂದು ತಲೆಯಾಡಿಸಿದರು. ಆಗ ನನಗೆ ಅರ್ಥವಾಯಿತು. ಒಂದು ಮನೆ ತುಂಬುವಷ್ಟು ಮಾತಾಡುತ್ತಿದ್ದ ಹೆಂಗಸು, ಮಾತೇ ಅನ್ನವಾಗಿದ್ದ ಹೆಂಗಸು, ಮಾತು ಹೋದರೂ ಅಜ್ಜಿ ಅಜ್ಜಿಯೇ ಎಂದು ಮೊಮ್ಮಗಳು ನೋಡಲೆಂದು ಮಾತು ಬಿಟ್ಟರು. ಸ್ಟುಡಿಯೋದವರು ಫೋನ್ ಮಾಡಿದರು, ಬಾಗಿಲಿಗೇ ಬಂದರು. ಅತ್ತೆ ಕೈ ಮುಗಿದು ಕಳಿಸಿದರು. ಮೂರನೇ ಭಾಗ ಬೇರೆಯವರ ಪಾಲಾಯಿತು.

ಮಾತಿಲ್ಲದ ಅತ್ತೆ ಮಾತಿದ್ದ ಅತ್ತೆಗಿಂತ ಒಂದು ಕೈ ಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ ಮುಖ ಹಿಂಡಿ ತಟ್ಟೆಯನ್ನು ನನ್ನ ಕಡೆ ತಳ್ಳುವರು. ಮಗ ತಡವಾಗಿ ಬಂದರೆ ಗಡಿಯಾರದ ಮುಂದೆ ನಿಂತು ಅವನ ನಡಿಗೆಯನ್ನೇ ಅಣಕಿಸುವರು. ಇಲಿ ಮೇಜಿನ ಕೆಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಅಜ್ಜಿ ಉಂಡಾಗ ಅಜ್ಜಿಯ ತಟ್ಟೆ ನೋಡುವಳು. ಅಜ್ಜಿ ಮಲಗಿದಾಗ ಮೂಗಿನ ಹತ್ತಿರ ಕೈ ಹಿಡಿದು ನೋಡುವಳು. ಆಮೇಲೆ ನಮ್ಮ ಕಡೆ ತಿರುಗಿ, ನಾವು ಅಜ್ಜಿಯನ್ನು ಏನು ಮಾಡುತ್ತೇವೆ ಎಂದು ಕಾಯುವಳು. ಆ ಕಾಯುವಿಕೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಮೂಕ ಅಜ್ಜಿಯನ್ನು ಹೊಡೆದುರುಳಿಸುವ ಕೈ ಈ ಮನೆಯಲ್ಲಿ ಯಾರದ್ದು ಎಂದು ಅವಳು ಹುಡುಕುತ್ತಿದ್ದಳು. ನಾನು ತರಕಾರಿ ಹೆಚ್ಚುವುದನ್ನೂ ಅವಳು ಶಾಲೆಯಲ್ಲಿದ್ದಾಗಲೇ ಮುಗಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಮೇಜಿನ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದರು. ನಾನು ಒಳಕೋಣೆಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟೆ. ಅಡುಗೆಮನೆಯಿಂದ ಇಲಿ ಬರುತ್ತಿದ್ದಳು. ಕೈಯಲ್ಲಿ ಕೋಳಿ ಕೊಯ್ಯುವ ಚಾಕು.

ಕೂಗಬೇಕು ಎನಿಸಿತು. ಕೂಗಿದರೆ ಬೆಚ್ಚಿ ಎಲ್ಲಿ ಚುಚ್ಚಿಕೊಳ್ಳುತ್ತಾಳೋ ಎಂದು ಕೂಗಲಿಲ್ಲ. ಅತ್ತೆಯೂ ಕಂಡರು. ಬಟಾಣಿ ಸುಲಿಯುವ ಬೆರಳು ನಿಂತಿತು. ಆಗಲಾದರೂ ಒಂದು ಮಾತು ಆಡುತ್ತಾರೆ, ಬೇಡ ಕಂದಾ ಎನ್ನುತ್ತಾರೆ ಎಂದುಕೊಂಡೆ. ಆಡಲಿಲ್ಲ. ಇಲಿ ಅವರ ಮುಂದೆ ಬಂದು ನಿಂತು ಮುಖವನ್ನೇ ನೋಡಿದಳು. ಅತ್ತೆ ಕಣ್ಣು ಕದಲಿಸಲಿಲ್ಲ. ಆಮೇಲೆ ಇಲಿ ಚಾಕುವಿನ ಹಿಡಿಯನ್ನು ಅಜ್ಜಿಯ ಕೈಯಲ್ಲಿಟ್ಟಳು. ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಚಿದಳು. ಒಂದು ಹೆಜ್ಜೆ ಹಿಂದೆ ಸರಿದು, ಗದ್ದ ಮೇಲೆತ್ತಿ, ನೀಲಿಗಟ್ಟಿದ ಕುತ್ತಿಗೆ ತೋರಿಸಿ, ಕಣ್ಣು ಮುಚ್ಚಿಕೊಂಡಳು.

ಅಂಥ ಹೆದರಿಕೆಯನ್ನು ನಾನು ಮತ್ತೆ ಕಂಡಿಲ್ಲ. ಕಾಯುವುದು ಅವಳಿಗೆ ಸಾಕಾಗಿತ್ತು. ಆಗುವುದು ಆಗಿಬಿಡಲಿ, ಅದೂ ಅಜ್ಜಿಯ ಕೈಯಿಂದ ಆಗಲಿ ಎಂದು ಬಂದಿದ್ದಳು ನನ್ನ ಮಗಳು.

ಅತ್ತೆ ಚಾಕುವನ್ನು ಮೇಜಿನ ಆಚೆ ತುದಿಗೆ ಜಾರಿಸಿದರು. ಅದು ಗೋಡೆಗೆ ತಾಗಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಇಲಿ ಕಣ್ಣು ಬಿಟ್ಟಳು. ಅತ್ತೆ ಕುರ್ಚಿಯಿಂದಿಳಿದು ಅವಳ ಎದುರು ಮಂಡಿಯೂರಿದ್ದರು. ಕಣ್ಣೀರು ಗದ್ದದವರೆಗೆ ಇಳಿದಿತ್ತು. ಅವಳಂತೆಯೇ ಅವರೂ ಗದ್ದ ಮೇಲೆತ್ತಿ, ಸುಕ್ಕುಗಟ್ಟಿದ ಗಂಟಲು ಪೂರ್ತಿ ಕಾಣುವ ಹಾಗೆ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿದರು.

ಇಲಿ ನೋಡುತ್ತ ನಿಂತಳು. ಎರಡೂ ಕೈ ಎತ್ತಿ ಅಜ್ಜಿಯ ಗಂಟಲ ಮೇಲಿಟ್ಟಳು. ಒತ್ತಲಿಲ್ಲ. ಏನನ್ನೋ ಹುಡುಕುವವಳಂತೆ ಬೆರಳು ಆಚೀಚೆ ಸರಿಸಿ, ಒಂದು ಕಡೆ ನಿಲ್ಲಿಸಿದಳು. ಅಲ್ಲಿ ನರ ಹೊಡೆದುಕೊಳ್ಳುತ್ತಿರಬೇಕು. ತಲೆ ವಾಲಿಸಿ, ಕೇಳಿಸಿಕೊಳ್ಳುವಂತೆ, ಬಹಳ ಹೊತ್ತು ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಒಂದು ಕೈಯನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ತನ್ನ ಗಂಟಲಿಗೆ ಒಯ್ದಳು. ಅಲ್ಲೂ ಹುಡುಕಿದಳು. ಮೆತ್ತಗೆ. ಅಲ್ಲೂ ಸಿಕ್ಕಿತು.

ಅಜ್ಜಿಯ ಭುಜದ ಮೇಲೆ ತಲೆಯಿಟ್ಟು ಅವಳು ಅತ್ತಳು. ಸದ್ದಿರಲಿಲ್ಲ, ಬೆನ್ನು ಮಾತ್ರ ಕುಲುಕುತ್ತಿತ್ತು. ಅತ್ತೆಯೂ ಸದ್ದಿಲ್ಲದೆ ಅತ್ತರು. ನಾನು ಹೋಗಿ ಚಾಕು ಎತ್ತಿಕೊಂಡೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದೆ.

ಆಮೇಲೆ ಇಲಿಯ ಕುತ್ತಿಗೆಯ ಮೇಲೆ ಹೊಸ ಗುರುತು ಮೂಡಲಿಲ್ಲ. ಮಾತೂ ಬರಲಿಲ್ಲ.